ಹೆಜ್ಜೆ ಮೋಟಾರಿಗೆ ತಕ್ಕ ಚಾಲಕ
(ಶಾಲೆಯ ಕಾರ್ಯಶಾಲೆಗೆ ಪುಟ್ಟ ಸಿ.ಎನ್.ಸಿ. ಯಂತ್ರವನ್ನು ಕಟ್ಟುವವರಿಗೆ ಒಂದು ಪಾಠ)

ಪೀಠಿಕೆ

ಗಣಕಯಂತ್ರದ ಆಜ್ಞೆಯನ್ನು ಅನುಸರಿಸಿ ಮರ, ಪ್ಲಾಸ್ಟಿಕ್, ಹಿತ್ತಾಳೆ ಮೊದಲಾದ ವಸ್ತುಗಳನ್ನು ಕೊರೆಯುವ ಯಂತ್ರಕ್ಕೆ ಸಿ.ಎನ್.ಸಿ. ಯಂತ್ರವೆಂದು ಹೆಸರು. ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1952ರಲ್ಲಿ, ರಂಧ್ರ ಕೊರೆದ ಪಟ್ಟಿಯಿಂದ ಆಜ್ಞೆ ಪಡೆದು ಲೋಹವನ್ನು ಕೆತ್ತುವ ಯಂತ್ರವನ್ನು ಮೊದಲಾಗಿ ಪ್ರದರ್ಶಿಸಿದರು. ಅದರ ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆ ಸ್ಥಾಪಿತವಾಯಿತು. ಬಹುಕಾಲ ಇಂತಹ ಯಂತ್ರಗಳು ದೊಡ್ಡ ಕಾರ್ಖಾನೆಗಳ ಸ್ವತ್ತಾಗಿದ್ದವು. ಇಂದು ಊಟದ ಮಣೆಗಿಂತ ಸ್ವಲ್ಪ ದೊಡ್ಡದಾದ ಸಿ.ಎನ್.ಸಿ. ಯಂತ್ರವನ್ನು ಹೈಸ್ಕೂಲಿನ ಬಾಲಕ ಬಾಲಿಕೆಯರೇ ಕಟ್ಟಬಹುದಾಗಿದೆ.

ಇದು ಪಟ್ಟಣದವರಿಗೆ ಮಾತ್ರ ಸಾಧ್ಯವಾದ ಕೆಲಸವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಮಹಾರಾಷ್ಟ್ರದಲ್ಲಿಯೇ, ಪುಣೆ ಜಿಲ್ಲೆಯ ಪಾಬಳವೆಂಬ ಹಳ್ಳಿಯಲ್ಲಿ, ಡಾ. ಶ್ರೀನಾಥ ಕಲಬಾಗ್ ಅವರು 1983ರಲ್ಲಿ ವಿಜ್ಞಾನ ಆಶ್ರಮವನ್ನು ಸ್ಥಾಪಿಸಿದರು. ಕೈಯಿಂದ ಮಾಡುತ್ತ ಕಲಿಯಬೇಕೆಂಬುದೇ ಆ ಶಾಲೆಯ ತತ್ತ್ವ. 2002ರಲ್ಲಿ ಎಂ.ಐ.ಟಿ.ಯ ಸಹಕಾರದಿಂದ ಅಲ್ಲಿ ತೆರೆದ ‘ಫ್ಯಾಬ್ ಲ್ಯಾಬ್’ ಅಮೆರಿಕೆಯ ಹೊರಗಿನ ಮೊಟ್ಟಮೊದಲ ಕೆಲವು ಲ್ಯಾಬುಗಳಲ್ಲಿ ಒಂದು. 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಶನ್ ಮಿಷನ್ ಯೋಜನೆಯೂ ಆರರಿಂದ ಹನ್ನೆರಡನೆಯ ಇಯತ್ತೆಯ ವರೆಗಿನ ಮಕ್ಕಳಿಗಾಗಿ ಶಾಲೆಗಳಲ್ಲಿ ಪ್ರಯೋಗಶಾಲೆಗಳನ್ನು ತೆರೆಯಿಸಿದೆ. ಪಾಬಳದ ಮಕ್ಕಳು ಮಾಡಬಲ್ಲುದನ್ನು ಉಮರ್ಗಾ, ನಿಲಂಗಾ, ಉದಗೀರ ಕಡೆಯ ಮಕ್ಕಳು ಮಾಡಲಾರರೆಂದು ಹೇಳಲು ಯಾವ ಕಾರಣವೂ ಇಲ್ಲ.

ಆದರೆ ಒಂದು ತೊಡಕುಂಟು. ಯಂತ್ರದ ಚೌಕಟ್ಟನ್ನು ಬಡಿಗರ ನೆರವಿನಿಂದ ಮಾಡಿಸಬಹುದು. ಕಂಬಿ, ತಿರುಪು, ಮೋಟಾರುಗಳನ್ನು ಕೊಂಡು ತರಬಹುದು. ಮೋಟಾರನ್ನು ನಡೆಸುವ ‘ಡ್ರೈವರ್’ ಎಂಬ ಚಾಲಕವನ್ನು ಆರಿಸುವಲ್ಲಿ ಮಾತ್ರ ಹೊಸಬರು ಎಡವುತ್ತಾರೆ. ಚಾಲಕವು ದುರ್ಬಲವಾದರೆ ಸುಟ್ಟುಹೋಗುತ್ತದೆ. ಅಗತ್ಯಕ್ಕಿಂತ ಪ್ರಬಲವಾದರೆ ಹಣ ವ್ಯರ್ಥ. ತೊಗರಿ, ಸೋಯಾ ಬೆಳೆದು ಮಳೆಯನ್ನು ನಂಬಿ ಬದುಕುವ ಮನೆಗಳಿಂದ ಬಂದ ಹಣದಲ್ಲಿ ಮಕ್ಕಳು ಈ ಪ್ರಯೋಗಕ್ಕೆ ಕೈಹಾಕುವಾಗ, ಒಂದು ಚಾಲಕ ಸುಟ್ಟರೂ ಮನೆಯಲ್ಲಿ ಬೇಸರ, ಮಗುವಿನಲ್ಲಿ ನಿರುತ್ಸಾಹ ಎರಡೂ ಉಂಟಾಗುವುದು ಸಹಜ. ಕೊಳ್ಳುವ ಮುನ್ನ ಲೆಕ್ಕ ಮಾಡುವವನಿಗೆ ಈ ನಷ್ಟವು ತಪ್ಪುತ್ತದೆ. ಆ ಲೆಕ್ಕವನ್ನು ಕಲಿಸುವುದೇ ಪ್ರಕೃತ ಪಾಠದ ಉದ್ದೇಶ.

1. ಹೆಜ್ಜೆ ಮೋಟಾರು ಎಂದರೇನು?

ಫ್ಯಾನಿನ ಮೋಟಾರು ವಿದ್ಯುತ್ತು ದೊರೆತೊಡನೆ ಸುತ್ತತೊಡಗುತ್ತದೆ; ಎಷ್ಟು ಸುತ್ತಿತೆಂಬುದನ್ನು ಅದು ಅರಿಯದು. ಸ್ಟೆಪ್ಪರ್ ಮೋಟಾರಿನ ಸ್ವಭಾವ ಬೇರೆ. ಅದರೊಳಗೆ ಸಾಮಾನ್ಯವಾಗಿ ಎರಡು ತಂತಿಸುರುಳಿಗಳ ಗುಂಪುಗಳಿರುತ್ತವೆ. ಹತ್ತನೆಯ ಇಯತ್ತೆಯಲ್ಲಿ ವಿದ್ಯುತ್ ಪ್ರವಾಹದ ಪರಿಣಾಮಗಳನ್ನು ಓದಿದವರಿಗೆ, ಪ್ರವಾಹ ಹರಿದ ಸುರುಳಿಯು ಅಯಸ್ಕಾಂತವಾಗುವುದೆಂದು ತಿಳಿದೇ ಇದೆ. ಈ ಸುರುಳಿಗಳಲ್ಲಿ ಪ್ರವಾಹದ ದಿಕ್ಕನ್ನು ಕ್ರಮವಾಗಿ ಬದಲಿಸುತ್ತ ಹೋದರೆ ಮೋಟಾರಿನ ಅಚ್ಚು ಒಂದೊಂದೇ ಹೆಜ್ಜೆ ಮುಂದಿಡುತ್ತದೆ. ಬಹುತೇಕ ಮೋಟಾರುಗಳಲ್ಲಿ ಒಂದು ಹೆಜ್ಜೆಗೆ 1.8 ಡಿಗ್ರಿ; ಒಂದು ಪೂರ್ಣ ಸುತ್ತಿಗೆ 200 ಹೆಜ್ಜೆ.

ನಮ್ಮ ರೈತರ ಕೂರಿಗೆಯು ಸಮಾನ ಅಂತರದ ಸಾಲುಗಳಲ್ಲಿ ಬೀಜವನ್ನು ಬಿಡುವಂತೆ, ಈ ಮೋಟಾರು ಸಮಾನ ಅಂತರದ ಹೆಜ್ಜೆಗಳನ್ನಿಡುತ್ತದೆ. ಎಣಿಸಿದಷ್ಟು ಹೆಜ್ಜೆ ಇಡಿಸಿದರೆ ಉಳಿಯು ಬೇಕಾದ ಸ್ಥಳಕ್ಕೇ ಬಂದು ನಿಲ್ಲುತ್ತದೆ. ಮೋಟಾರಿನ ಮುಖದ ಅಳತೆಯನ್ನು ‘ನೆಮಾ’ ಎಂಬ ಅಂಕದಿಂದ ಹೇಳುವುದು ರೂಢಿ. ನೆಮಾ 17 ಎಂದರೆ ಸುಮಾರು 42 ಮಿಲಿಮೀಟರ್ ಚೌಕದ ಮುಖ. ನೆಮಾ 23 ಎಂದರೆ ಸುಮಾರು 57 ಮಿಲಿಮೀಟರ್. ಮರದ ಮೇಲೆ ಹಗುರ ಕೆತ್ತನೆಗೆ ಮೊದಲನೆಯದು ಸಾಕು. ಭಾರವಾದ ಚೌಕಟ್ಟಿಗೂ ಹಿತ್ತಾಳೆ, ಅಲ್ಯೂಮಿನಿಯಂ ಕೊರೆತಕ್ಕೂ ಎರಡನೆಯದು ಬೇಕು.

ಆದರೆ ಈ ಮೋಟಾರು ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸುವವನಂತೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಭಾರ ಹೆಚ್ಚಾಗಿ ಒಂದು ಹೆಜ್ಜೆ ತಪ್ಪಿದರೆ ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಅಲ್ಲಿಂದ ಮುಂದೆ ಕೆತ್ತಿದುದೆಲ್ಲವೂ ಓರೆಯಾಗುತ್ತದೆ. ಹೆಜ್ಜೆ ತಪ್ಪದಂತೆ ಮೋಟಾರಿಗೆ ಸಾಕಷ್ಟು ಪ್ರವಾಹವನ್ನು ಸಕಾಲದಲ್ಲಿ ಒದಗಿಸುವುದೇ ಚಾಲಕದ ಹೊಣೆ.

2. ಚಾಲಕದ ಕೆಲಸ: ಕೆರೆಯ ತೂಬಿನ ಉಪಮೆ

ಯಂತ್ರದ ಮಿದುಳಾದ ಆರ್ಡುಯಿನೊ ಮುಂತಾದ ಪುಟ್ಟ ಹಲಗೆಯು 5 ವೋಲ್ಟಿನ ಅತಿ ಕ್ಷೀಣ ಸಂಕೇತವನ್ನು ಮಾತ್ರ ಕೊಡಬಲ್ಲುದು. ಮೋಟಾರಿಗಾದರೋ ಒಂದರಿಂದ ಮೂರು ಆಂಪಿಯರಿನಷ್ಟು ಪ್ರವಾಹ ಬೇಕು. ಕೆರೆಯ ತೂಬನ್ನು ನೆನೆಯಿರಿ. ತೂಬನ್ನೆತ್ತುವವನ ಬಲ ಅಲ್ಪ. ತೂಬಿನಿಂದ ಹರಿಯುವ ನೀರಿನ ಬಲ ಅಪಾರ. ಚಾಲಕವೇ ಆ ತೂಬು. ಮಿದುಳು ಕಳುಹಿಸುವ ‘ಹೆಜ್ಜೆ’ ಮತ್ತು ‘ದಿಕ್ಕು’ ಎಂಬ ಎರಡು ಸಂಕೇತಗಳಂತೆ ಅದು ಸುರುಳಿಗಳಿಗೆ ಪ್ರವಾಹವನ್ನು ಬಿಡುತ್ತದೆ, ತಡೆಯುತ್ತದೆ. ಈ ಉಪಮೆಯಲ್ಲಿ ಕೆರೆಯ ನೀರಿನ ಎತ್ತರವು ವೋಲ್ಟೇಜು. ಕಾಲುವೆಯಲ್ಲಿ ಹರಿಯುವ ನೀರು ಆಂಪಿಯರು.

ಉತ್ತಮ ಚಾಲಕವು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಕಾಲುವೆಯಲ್ಲಿ ನೀರು ಗೊತ್ತಾದ ಮಟ್ಟಕ್ಕೇರಿದೊಡನೆ ತೂಬನ್ನು ಮುಚ್ಚುತ್ತದೆ, ಇಳಿದೊಡನೆ ತೆರೆಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗೆ ತೆರೆದು ಮುಚ್ಚಿ ಪ್ರವಾಹವನ್ನು ನಿಗದಿಯಾದ ಮಟ್ಟದಲ್ಲಿಡುವುದಕ್ಕೆ ‘ಚಾಪರ್’ ಕ್ರಮವೆಂದು ಹೆಸರು. ಮುಂದಿನ ವಿಷಯವೆಲ್ಲ ಈ ಒಂದು ಸಂಗತಿಯನ್ನೇ ಅವಲಂಬಿಸಿದೆ.

3. 2.5 ವೋಲ್ಟಿನ ಮೋಟಾರಿಗೆ 36 ವೋಲ್ಟೇಕೆ?

ಒಂದು ನೆಮಾ 23 ಮೋಟಾರಿನ ವಿವರ ಹೀಗಿದೆಯೆನ್ನೋಣ: ಪ್ರವಾಹ 2.8 ಆಂಪಿಯರ್, ಸುರುಳಿಯ ರೋಧ 0.9 ಓಮ್, ಇಂಡಕ್ಟೆನ್ಸ್ 2.5 ಮಿಲಿಹೆನ್ರಿ. ಓಮನ ನಿಯಮದಂತೆ ಇದಕ್ಕೆ ಬೇಕಾದ ವೋಲ್ಟೇಜು 2.8 × 0.9 = 2.52 ಮಾತ್ರ. ಹಾಗಿದ್ದರೂ ಬಲ್ಲವರು ಇದಕ್ಕೆ 24 ಅಥವಾ 36 ವೋಲ್ಟು ಕೊಡುತ್ತಾರೆ. ಮೋಟಾರು ಸುಡುವುದಿಲ್ಲವೆ ಎಂಬ ಪ್ರಶ್ನೆ ಏಳುವುದು ನ್ಯಾಯವೇ.

ಸುರುಳಿಯು ಪ್ರವಾಹದ ಬದಲಾವಣೆಯನ್ನು ವಿರೋಧಿಸುತ್ತದೆ. ಆ ಗುಣದ ಅಳತೆಯೇ ಇಂಡಕ್ಟೆನ್ಸ್. ಆದ್ದರಿಂದ ಪ್ರವಾಹವು ಒಮ್ಮೆಲೇ ಪೂರ್ಣ ಮಟ್ಟಕ್ಕೆ ಏರದು. 2.52 ವೋಲ್ಟನ್ನಷ್ಟೇ ಕೊಟ್ಟರೆ ಪ್ರವಾಹವು ಬಹುಮಟ್ಟಿಗೆ ತುಂಬಲು 8 ಮಿಲಿಸೆಕೆಂಡಿನಷ್ಟು ಕಾಲ ಹಿಡಿಯುತ್ತದೆ. ಮೋಟಾರು ಸೆಕೆಂಡಿಗೆ 5 ಸುತ್ತು ತಿರುಗಬೇಕಾದರೆ 1000 ಹೆಜ್ಜೆ ಇಡಬೇಕು. ಒಂದು ಹೆಜ್ಜೆಗೆ ದೊರೆಯುವ ಕಾಲ 1 ಮಿಲಿಸೆಕೆಂಡು ಮಾತ್ರ. ಸಣ್ಣಗೆ ಸುರಿಯುವ ನಳದ ಕೆಳಗೆ ಕೊಡ ತುಂಬುವ ಮೊದಲೇ ಸರದಿ ಮುಗಿದಂತೆ, ಸುರುಳಿಯು ತುಂಬುವ ಮೊದಲೇ ಮುಂದಿನ ಹೆಜ್ಜೆ ಬಂದುಬಿಡುತ್ತದೆ. ಬಲ ಸಾಲದೆ ಮೋಟಾರು ಗುಂಯ್ಗುಟ್ಟಿ ನಿಂತುಬಿಡುತ್ತದೆ.

36 ವೋಲ್ಟು ಕೊಟ್ಟರೆ? ಇಂಡಕ್ಟೆನ್ಸನ್ನು ಪ್ರವಾಹದಿಂದ ಗುಣಿಸಿ ವೋಲ್ಟೇಜಿನಿಂದ ಭಾಗಿಸಿದರೆ ಸ್ಥೂಲವಾಗಿ ತುಂಬುವ ಕಾಲ ದೊರೆಯುತ್ತದೆ: 2.5 × 2.8 ÷ 36 = ಸುಮಾರು 0.19 ಮಿಲಿಸೆಕೆಂಡು. ಹೆಜ್ಜೆಗೆ ದೊರೆಯುವ ಕಾಲದ ಐದನೆಯ ಒಂದು ಪಾಲಿನಲ್ಲಿಯೇ ಕೊಡ ತುಂಬಿತು. ತುಂಬಿದೊಡನೆ ಚಾಪರ್ ತೂಬನ್ನು ಮುಚ್ಚುವುದರಿಂದ ಪ್ರವಾಹ 2.8 ಆಂಪಿಯರನ್ನು ಮೀರದು, ಮೋಟಾರೂ ಸುಡದು. ವೋಲ್ಟೇಜು ವೇಗಕ್ಕಾಗಿ, ಆಂಪಿಯರು ಬಲಕ್ಕಾಗಿ ಎಂಬ ಸೂತ್ರವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡತಕ್ಕದ್ದು.

ಹಾಗೆಂದು ವೋಲ್ಟೇಜಿಗೆ ಮಿತಿಯಿಲ್ಲವೆಂದಲ್ಲ. ಅತಿಯಾದರೆ ಮೋಟಾರು ವೃಥಾ ಬಿಸಿಯಾಗುತ್ತದೆ. ಅನುಭವಿಗಳು ಬಳಸುವ ಒಂದು ಅಳತೆಗೋಲುಂಟು: ಮಿಲಿಹೆನ್ರಿಯಲ್ಲಿರುವ ಇಂಡಕ್ಟೆನ್ಸಿನ ವರ್ಗಮೂಲವನ್ನು 32ರಿಂದ ಗುಣಿಸಿದರೆ ಬರುವುದೇ ಗರಿಷ್ಠ ವೋಲ್ಟೇಜು. ನಮ್ಮ ಮೋಟಾರಿಗೆ 32 × 1.58 = ಸುಮಾರು 50 ವೋಲ್ಟು. ಈ ಮಿತಿ ಮತ್ತು ಚಾಲಕದ ಸ್ವಂತ ಮಿತಿ ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಸಾಕಷ್ಟು ಕೆಳಗೆ ಇರುವುದು ಕ್ಷೇಮ.

4. ಪೇಟೆಯಲ್ಲಿ ದೊರೆಯುವ ಚಾಲಕಗಳು

*ಎ4988.* ಅಂಚೆಚೀಟಿಯಷ್ಟು ಅಗಲದ ಹಲಗೆ; ಎಲ್ಲಕ್ಕಿಂತ ಅಗ್ಗ. 35 ವೋಲ್ಟಿನ ವರೆಗೆ ತಾಳುತ್ತದೆ. ಕಾಗದದ ಮೇಲೆ 2 ಆಂಪಿಯರ್ ಎಂದಿದ್ದರೂ ತಂಪುರೆಕ್ಕೆಯಿಲ್ಲದೆ ಸುಮಾರು 1 ಆಂಪಿಯರನ್ನು ಮಾತ್ರ ನಂಬಬಹುದು. ಒಂದು ಹೆಜ್ಜೆಯನ್ನು 16 ಭಾಗ ಮಾಡಬಲ್ಲುದು. ಚಿಕ್ಕ ನೆಮಾ 17 ಮೋಟಾರಿನಿಂದ ಪಾಠ ಆರಂಭಿಸುವವರಿಗೆ ಇದು ಯೋಗ್ಯ.

*ಡಿಆರ್‌ವಿ8825.* ಅದೇ ಆಕಾರ. 45 ವೋಲ್ಟಿನ ವರೆಗೆ. ತಂಪುರೆಕ್ಕೆಯಿಲ್ಲದೆ ಸುಮಾರು 1.5 ಆಂಪಿಯರ್, ಹೆಜ್ಜೆಯ 32 ಭಾಗ. ನೆಮಾ 17 ಮೋಟಾರಿಗೆ ಕೊಂಚ ಹೆಚ್ಚು ಬಲ ಬೇಕೆನಿಸಿದಾಗ ಇದನ್ನು ಆರಿಸಬಹುದು.

*ಟಿಎಂಸಿ2209.* ಇದರ ಹಿರಿಮೆ ಮೌನ. ಮೇಲಿನ ಎರಡೂ ಸದ್ದು ಮಾಡುವಲ್ಲಿ ಇದು ಬಹುಮಟ್ಟಿಗೆ ನಿಶ್ಶಬ್ದವಾಗಿರುತ್ತದೆ. ಆದರೆ ವೋಲ್ಟೇಜಿನ ಮಿತಿ 29. ಆದ್ದರಿಂದ 24 ವೋಲ್ಟಿನ ಯಂತ್ರಕ್ಕೇ ಇದು ಸರಿ. ಬೆಲೆ ತುಸು ಹೆಚ್ಚು.

*ಟಿಬಿ6600.* ತಂಪುರೆಕ್ಕೆಯ ಸಮೇತ ಪೆಟ್ಟಿಗೆಯಲ್ಲಿ ಬರುತ್ತದೆ. ಮಧ್ಯಮ ಬೆಲೆ. ಮೇಲೆ 4 ಆಂಪಿಯರ್ ಎಂದು ಬರೆದಿರುತ್ತದೆ. ಈ ಹೆಸರಿನ ಪೆಟ್ಟಿಗೆಯೊಳಗೆ ಬೇರೆಯ ಚಿಪ್ಪು ಇರುವುದೂ ಉಂಟು. ಆದಕಾರಣ ಮುದ್ರಿತ ಅಂಕವನ್ನು ಕೊನೆಯವರೆಗೂ ನಂಬದೆ ಅದರ ಮೂರನೆಯ ಎರಡು ಪಾಲಿನಷ್ಟು ಕೆಲಸವನ್ನಷ್ಟೇ ಹೇರುವುದು ಜಾಣತನ.

*ಡಿಎಂ542.* ನೆಮಾ 23ಕ್ಕೆ ತಕ್ಕ ಜೋಡಿ. 20ರಿಂದ 50 ವೋಲ್ಟು, ಶಿಖರದಲ್ಲಿ 1.0ರಿಂದ 4.2 ಆಂಪಿಯರ್. ಪಕ್ಕದಲ್ಲಿರುವ ಎಂಟು ಪುಟ್ಟ ಸ್ವಿಚ್ಚುಗಳಲ್ಲಿ ಮೊದಲ ಮೂರು ಪ್ರವಾಹವನ್ನೂ, ಕೊನೆಯ ನಾಲ್ಕು ಹೆಜ್ಜೆಯ ಭಾಗಗಳನ್ನೂ ಗೊತ್ತುಮಾಡುತ್ತವೆ. ನಾಲ್ಕನೆಯ ಸ್ವಿಚ್ಚು ಮೋಟಾರು ನಿಂತಿರುವಾಗ ಪ್ರವಾಹವನ್ನು ಅರ್ಧಕ್ಕಿಳಿಸಿ ಬಿಸಿಯನ್ನು ತಗ್ಗಿಸುತ್ತದೆ. ನಮ್ಮ ಉದಾಹರಣೆಯ ಮೋಟಾರಿಗೆ ಇದರ 2.84 ಆಂಪಿಯರಿನ ಸ್ಥಾನವು ಹೇಳಿಮಾಡಿಸಿದಂತಿದೆ. ಬೆಲೆಯಲ್ಲಿ ಇದೇ ಇವುಗಳಲ್ಲಿ ದೊಡ್ಡದು.

ಮೊದಲು ಯಂತ್ರದಿಂದ ಆಗಬೇಕಾದ ಕೆಲಸ, ಅನಂತರ ಮೋಟಾರು, ಅನಂತರ ಚಾಲಕ, ಕೊನೆಗೆ ವಿದ್ಯುತ್ ಪೂರೈಕೆಯ ಪೆಟ್ಟಿಗೆ: ಆಯ್ಕೆಯ ಕ್ರಮವು ಇದೇ ಆಗಿರತಕ್ಕದ್ದು. ಅಗ್ಗವೆಂದು ಚಾಲಕವನ್ನು ಮೊದಲು ಕೊಂಡು, ಅದಕ್ಕೆ ಹೊಂದುವ ಮೋಟಾರನ್ನು ಹುಡುಕುವುದು ಎತ್ತಿಗೆ ಮೊದಲೇ ನೊಗವನ್ನು ಮಾಡಿಸಿದಂತಾದೀತು.

5. ಸೂಕ್ಷ್ಮ ಹೆಜ್ಜೆಯ ಮೋಹ

ಹೆಜ್ಜೆಯನ್ನು 32 ಭಾಗ ಮಾಡುವ ಚಾಲಕವು 8 ಭಾಗ ಮಾಡುವುದಕ್ಕಿಂತ ನಾಲ್ಕು ಪಾಲು ನಿಖರವೆಂದು ಹಲವರು ಭಾವಿಸುತ್ತಾರೆ. ಇದು ಪೂರ್ತಿ ನಿಜವಲ್ಲ. ಒಂದು ಸೂಕ್ಷ್ಮ ಹೆಜ್ಜೆಯು ಒದಗಿಸುವ ಹೊಸ ಬಲವು ಭಾಗಗಳು ಹೆಚ್ಚಿದಷ್ಟೂ ಕುಗ್ಗುತ್ತದೆ. ಮೋಟಾರಿನ ಹಿಡಿತದ ಬಲವನ್ನು 100 ಎಂದಿಟ್ಟುಕೊಂಡರೆ, 8ನೆಯ ಒಂದು ಹೆಜ್ಜೆಗೆ ಸುಮಾರು 19.5, 16ನೆಯ ಒಂದು ಹೆಜ್ಜೆಗೆ 9.8, 32ನೆಯ ಒಂದು ಹೆಜ್ಜೆಗೆ 4.9 ಮಾತ್ರ ದೊರೆಯುತ್ತದೆ. ಘರ್ಷಣೆಯು ಇದಕ್ಕಿಂತ ಹೆಚ್ಚಾಗಿದ್ದರೆ ಮೋಟಾರು ಕೆಲವು ಸೂಕ್ಷ್ಮ ಹೆಜ್ಜೆಗಳ ವರೆಗೆ ಕದಲದೆ ಅನಂತರ ಒಮ್ಮೆಗೇ ಜಿಗಿಯುತ್ತದೆ. ಸೂಕ್ಷ್ಮ ಹೆಜ್ಜೆಯ ನಿಜವಾದ ಲಾಭವೆಂದರೆ ನಡಿಗೆಯ ನಯ ಮತ್ತು ಕಡಿಮೆ ಸದ್ದು.

ಲೆಕ್ಕವನ್ನೇ ನೋಡೋಣ. ಒಂದು ಸುತ್ತಿಗೆ 8 ಮಿಲಿಮೀಟರ್ ಮುಂದೆ ಸಾಗಿಸುವ ತಿರುಪನ್ನು ಬಳಸಿದರೆ, 8 ಭಾಗದ ಕ್ರಮದಲ್ಲಿ 200 × 8 ÷ 8 = 200 ಸೂಕ್ಷ್ಮ ಹೆಜ್ಜೆಗೆ ಒಂದು ಮಿಲಿಮೀಟರ್; ಒಂದು ಹೆಜ್ಜೆಗೆ 0.005 ಮಿಲಿಮೀಟರ್. ಮರದ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಸೂಕ್ಷ್ಮತೆ ಬೇಡ. ಆರ್ಡುಯಿನೊ ಉನೊ ಹಲಗೆಯ ಮೇಲೆ ನಡೆಯುವ ‘ಗರ್ಬಲ್’ ಎಂಬ ತಂತ್ರಾಂಶವು ಸೆಕೆಂಡಿಗೆ ಸುಮಾರು 30,000 ಹೆಜ್ಜೆಯ ಆಜ್ಞೆಗಳನ್ನು ಕೊಡಬಲ್ಲುದು. 200 ಹೆಜ್ಜೆಯ ಕ್ರಮದಲ್ಲಿ ಆಜ್ಞೆಯ ಮಿತಿ ಸೆಕೆಂಡಿಗೆ 150 ಮಿಲಿಮೀಟರ್; 32 ಭಾಗ ಮಾಡಿ 800 ಹೆಜ್ಜೆಗೇರಿಸಿದರೆ 37.5ಕ್ಕೆ ಇಳಿಯುತ್ತದೆ. ಆದ್ದರಿಂದ 8 ಅಥವಾ 16 ಭಾಗವೇ ಮಧ್ಯಮ ಮಾರ್ಗ.

ನೆರೆಯ ಬೀದರಿನ ಬಿದ್ರಿ ಕೆಲಸಗಾರರನ್ನು ಇಲ್ಲಿ ಸ್ಮರಿಸಬಹುದು. ಉದಗೀರ, ನಿಲಂಗಾ ತಾಲ್ಲೂಕುಗಳು 1956ರ ವರೆಗೆ ಬೀದರ ಜಿಲ್ಲೆಗೇ ಸೇರಿದ್ದವು. ಆ ಕಲೆ ನಮಗೆ ಹೊರಗಿನದಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಚಿತ್ರವನ್ನು ಬರೆದು, ಉಳಿಯಿಂದ ಗೀರು ಕೊರೆದು, ಆ ಗೀರಿನಲ್ಲಿ ಬೆಳ್ಳಿಯನ್ನು ಕೂರಿಸುವ ಆ ಕುಶಲಿಗಳ ಕೈಗೆ ಲೋಹದ ಬಿಗುವು ತಿಳಿಯುತ್ತದೆ. ಅದಕ್ಕೆ ತಕ್ಕಂತೆ ಪೆಟ್ಟು ಬದಲಾಗುತ್ತದೆ. ನಮ್ಮ ಯಂತ್ರಕ್ಕೆ ಆ ಅರಿವಿಲ್ಲ. ಅದಕ್ಕಾಗಿಯೇ ವೇಗ, ಆಳ, ಪ್ರವಾಹ ಎಲ್ಲವನ್ನೂ ನಾವು ಮುಂದಾಗಿ ಎಣಿಸಿ ಹೇಳಬೇಕಾಗುತ್ತದೆ. ಯಂತ್ರವು ಕುಶಲಿಯ ಸ್ಥಾನಕ್ಕೆ ಬಂದುದಲ್ಲ. ಎಣಿಕೆಯನ್ನು ಕಲಿಸುವ ಗುರುವೆಂದು ಅದನ್ನು ತಿಳಿಯಬೇಕು.

6. ಜೋಡಣೆಯ ನಿಯಮಗಳು

(ಅ) *ಪ್ರವಾಹವನ್ನು ಗೊತ್ತುಮಾಡದೆ ಮೋಟಾರನ್ನು ನಡೆಸಬಾರದು.* ಚಿಕ್ಕ ಹಲಗೆಗಳಲ್ಲಿ ಪುಟ್ಟ ತಿರುಪೊಂದನ್ನು ತಿರುಗಿಸಿ, ಮಲ್ಟಿಮೀಟರಿನಿಂದ ‘ವಿ-ರೆಫ್’ ವೋಲ್ಟೇಜನ್ನು ಅಳೆಯಬೇಕು. ಎ4988ರಲ್ಲಿ ವಿ-ರೆಫ್ = 8 × ಪ್ರವಾಹ × ಅಳತೆಯ ರೋಧ. ರೋಧವು 0.1 ಓಮ್ ಆಗಿದ್ದರೆ 1 ಆಂಪಿಯರಿಗೆ 0.8 ವೋಲ್ಟು. ರೋಧದ ಬೆಲೆ ಹಲಗೆಯಿಂದ ಹಲಗೆಗೆ ಬೇರೆಯಾಗುವುದರಿಂದ ಅದನ್ನು ಓದಿ ನೋಡಿಯೇ ಲೆಕ್ಕ ಮಾಡಬೇಕು. ಡಿಆರ್‌ವಿ8825ರ ಸಾಮಾನ್ಯ ಹಲಗೆಯಲ್ಲಿ ವಿ-ರೆಫ್ ಪ್ರವಾಹದ ಅರ್ಧ, 1.2 ಆಂಪಿಯರಿಗೆ 0.6 ವೋಲ್ಟು.

(ಆ) *ವಿದ್ಯುತ್ತು ಇರುವಾಗ ಮೋಟಾರಿನ ತಂತಿಯನ್ನು ಕೀಳಬಾರದು.* ಸುರುಳಿಯಲ್ಲಿ ಹರಿಯುತ್ತಿದ್ದ ಪ್ರವಾಹವು ಹಠಾತ್ತನೆ ತಡೆಯಲ್ಪಟ್ಟಾಗ ವೋಲ್ಟೇಜು ಸಿಡಿದೆದ್ದು ಚಾಲಕವು ಕ್ಷಣದಲ್ಲಿ ನಾಶವಾಗುತ್ತದೆ. ಚಾಲಕಗಳ ಅಕಾಲ ಮರಣಕ್ಕೆ ಇದು ದೊಡ್ಡ ಕಾರಣ.

(ಇ) *ಚಿಕ್ಕ ಹಲಗೆಯ ಬಳಿಯಲ್ಲಿಯೇ 100 ಮೈಕ್ರೊಫ್ಯಾರಡಿನ ಕೆಪಾಸಿಟರನ್ನು ಕೂರಿಸಬೇಕು.* ಅದರ ಧನ, ಋಣ ತುದಿಗಳನ್ನು ಅದಲುಬದಲು ಮಾಡಬಾರದು.

(ಈ) *ಸುರುಳಿಯ ಜೋಡಿಯನ್ನು ಗುರುತಿಸಬೇಕು.* ಯಾವುದಕ್ಕೂ ಜೋಡಿಸದ ಮೋಟಾರಿನ ಎರಡು ತಂತಿಗಳ ತುದಿಯನ್ನು ಕೂಡಿಸಿ ಅಚ್ಚನ್ನು ಕೈಯಿಂದ ತಿರುಗಿಸಿರಿ. ಬಿಗಿಯೆನಿಸಿದರೆ ಅವೆರಡೂ ಒಂದೇ ಸುರುಳಿಯವು. ಮೋಟಾರು ವಿರುದ್ಧ ದಿಕ್ಕಿಗೆ ತಿರುಗಿದರೆ, ವಿದ್ಯುತ್ತನ್ನು ನಿಲ್ಲಿಸಿ ಒಂದು ಜೋಡಿಯ ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು.

(ಉ) *ಬಿಸಿಲನ್ನೂ ಧೂಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.* ಕಾಗದದ ಮೇಲಿನ ಅಂಕಗಳು ತಂಪಾದ ಕೋಣೆಗೆ ಅನ್ವಯಿಸುವಂಥವು. ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ, ತಗಡಿನ ಮಾಡಿನ ಕೆಳಗೆ, ಕಾಲು ಪಾಲಾದರೂ ಕಡಿಮೆ ಪ್ರವಾಹದಲ್ಲಿ ನಡೆಸುವುದು ಒಳ್ಳೆಯದು. ಚಾಲಕಗಳನ್ನು ಪುಟ್ಟ ಫ್ಯಾನಿರುವ ಪೆಟ್ಟಿಗೆಯಲ್ಲಿಟ್ಟು, ಗಾಳಿ ಬರುವ ಕಿಂಡಿಗೆ ಬಟ್ಟೆ ಕಟ್ಟಿದರೆ ಮರದ ಪುಡಿ ಒಳಹೋಗದು.

(ಊ) *ಕರೆಂಟು ಹೋದರೆ ಯಂತ್ರವು ತನ್ನ ಸ್ಥಾನವನ್ನು ಮರೆಯುತ್ತದೆ.* ಕರೆಂಟು ಬಂದೊಡನೆ ಕೆತ್ತನೆಯನ್ನು ಮುಂದುವರಿಸಲಾಗದು. ಮೂರು ದಿಕ್ಕಿಗೂ ಲಿಮಿಟ್ ಸ್ವಿಚ್ಚುಗಳನ್ನಿಟ್ಟರೆ ಯಂತ್ರವು ಮೊದಲ ಬಿಂದುವಿಗೆ ಮರಳಿ, ಮತ್ತೆ ಅಲ್ಲಿಂದ ಎಣಿಸಬಲ್ಲುದು. ಸಣ್ಣ ಇನ್ವರ್ಟರ್ ಇದ್ದರೆ ಇನ್ನೂ ಲೇಸು.

ವಿದ್ಯುತ್ ಪೂರೈಕೆಯ ಪೆಟ್ಟಿಗೆಯ ಲೆಕ್ಕ ಸುಲಭ. 2.8 ಆಂಪಿಯರಿನ ಮೂರು ಮೋಟಾರಿಗೆ ಒಟ್ಟು 8.4; ಚಾಪರ್ ಕ್ರಮದಿಂದಾಗಿ ಅಷ್ಟೂ ಬೇಕಾಗುವುದಿಲ್ಲ. ಮೂರನೆಯ ಎರಡು ಪಾಲು, ಎಂದರೆ 5.6 ಆಂಪಿಯರ್ ಸಾಕು. 36 ವೋಲ್ಟು, 6 ಆಂಪಿಯರಿಗೆ ಕಡಿಮೆಯಿಲ್ಲದ ಪೆಟ್ಟಿಗೆಯನ್ನು ಆರಿಸಿರಿ.

7. ಪಾಲಕರಿಗೆ ಎರಡು ಮಾತು

ಈ ಪೆಟ್ಟಿಗೆಗೆ ಬರುವ 230 ವೋಲ್ಟಿನ ವಿದ್ಯುತ್ತು ಪ್ರಾಣಘಾತಕ. ಆ ಭಾಗದ ಜೋಡಣೆಯನ್ನು ಬಲ್ಲ ಹಿರಿಯರೇ ಮಾಡತಕ್ಕದ್ದು, ಅರ್ಥಿಂಗ್ ತಪ್ಪಕೂಡದು. ಕೊರೆಯುವಾಗ ಮಕ್ಕಳು ಕನ್ನಡಕ ಧರಿಸಬೇಕು. ಸಡಿಲವಾದ ಉಡುಪನ್ನೂ ಬಿಚ್ಚಿದ ಜಡೆಯನ್ನೂ ಯಂತ್ರದ ಬಳಿಗೆ ತರಬಾರದು.

ಇನ್ನೊಂದು ಮಾತು. ಗಡಿನಾಡಿನ ನಮ್ಮ ಮಕ್ಕಳು ಮನೆಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಯಂತ್ರದ ಕೈಪಿಡಿಯಲ್ಲಿ ಇಂಗ್ಲಿಷು ಹೀಗೆ ಮೂರು ನುಡಿಗಳ ನಡುವೆ ನಡೆಯುವವರು. ಕನ್ನಡ ಶಾಲೆಯಲ್ಲಿ ಓದಿದವನಿಗೆ ಯಂತ್ರವಿದ್ಯೆ ದೂರವೆಂಬ ಅಂಜಿಕೆ ಹಲವು ಮನೆಗಳಲ್ಲಿದೆ. ಓಮನ ನಿಯಮವು ಯಾವ ಭಾಷೆಯಲ್ಲಿ ಹೇಳಿದರೂ ಒಂದೇ. ತನ್ನ ನುಡಿಯಲ್ಲಿ ಅದನ್ನು ಮನಗಂಡ ಮಗುವು ಇಂಗ್ಲಿಷಿನ ಕೈಪಿಡಿಯಲ್ಲಿ ಅಂಕಗಳನ್ನು ಗುರುತಿಸಲು ತಡಮಾಡುವುದಿಲ್ಲ. ಮಗನಾಗಲಿ ಮಗಳಾಗಲಿ ‘ಚಾಲಕ ಕೊಡಿಸಿ’ ಎಂದು ಕೇಳಿದಾಗ ಹಣ ಕೊಡುವ ಮುನ್ನ, ಬೇಡವೆನ್ನುವ ಮುನ್ನವೂ, ‘ನಿನ್ನ ಮೋಟಾರಿನ ಆಂಪಿಯರ್ ಎಷ್ಟು? ವೋಲ್ಟೇಜನ್ನು ಹೇಗೆ ಎಣಿಸಿದೆ?’ ಎಂದು ಕೇಳಿ ನೋಡಿರಿ. ಉತ್ತರ ಬಂದರೆ ಹಣವು ಸದ್ವಿನಿಯೋಗವಾಗುವುದೆಂದು ತಿಳಿಯಬಹುದು.

ಅಭ್ಯಾಸದ ಲೆಕ್ಕಗಳು

1. ಮೋಟಾರಿನ ಪ್ರವಾಹ 2 ಆಂಪಿಯರ್, ರೋಧ 1.4 ಓಮ್. ಓಮನ ನಿಯಮದಂತೆ ವೋಲ್ಟೇಜು ಎಷ್ಟು?

2. ಇಂಡಕ್ಟೆನ್ಸ್ 4 ಮಿಲಿಹೆನ್ರಿಯಾದರೆ ಮೋಟಾರಿನ ಗರಿಷ್ಠ ವೋಲ್ಟೇಜು ಎಷ್ಟು? ಚಾಲಕವು ಡಿಎಂ542 ಆಗಿದ್ದರೆ ಯಾವ ಮಿತಿಗೆ ಒಳಪಡಬೇಕು?

3. ತಿರುಪು ಒಂದು ಸುತ್ತಿಗೆ 4 ಮಿಲಿಮೀಟರ್ ಸಾಗಿಸುತ್ತದೆ. ಹೆಜ್ಜೆಯನ್ನು 8 ಭಾಗ ಮಾಡಿದೆ. ಒಂದು ಮಿಲಿಮೀಟರಿಗೆ ಎಷ್ಟು ಹೆಜ್ಜೆ? ಸೆಕೆಂಡಿಗೆ 30,000 ಆಜ್ಞೆಗಳಾದರೆ ವೇಗದ ಮಿತಿ ಎಷ್ಟು?

4. ಎ4988 ಹಲಗೆಯ ಅಳತೆಯ ರೋಧ 0.1 ಓಮ್. ಪ್ರವಾಹವು 0.9 ಆಂಪಿಯರ್ ಇರಬೇಕಾದರೆ ವಿ-ರೆಫ್ ಎಷ್ಟು?

*ಉತ್ತರಗಳು:* (1) 2.8 ವೋಲ್ಟು. (2) 64 ವೋಲ್ಟು; ಚಾಲಕದ 50 ವೋಲ್ಟಿನ ಮಿತಿಯೇ ಕಡಿಮೆಯಾದುದರಿಂದ ಅದಕ್ಕೆ ಒಳಪಟ್ಟು 36 ವೋಲ್ಟನ್ನು ಆರಿಸುವುದು ಯುಕ್ತ. (3) 400 ಹೆಜ್ಜೆ. ಸೆಕೆಂಡಿಗೆ 75 ಮಿಲಿಮೀಟರ್. (4) 0.72 ವೋಲ್ಟು.